ಪಂಜರದಕ್ಕ

ಅವಳನ್ನು ಕೆಲಸದಿಂದ ತೆಗೆದ ಆದೇಶವನ್ನು ಟೈಪ್ ಮಾಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಅವಳ ಕಥೆ ಹೇಳುತ್ತಾ ಹೇಳುತ್ತಾ ನಾನೇ ಒಳ್ಳೆಯವಳಾಗಿ ಕಾಣಿಸಿಕೊಂಡೇನು.

ನಮ್ಮದು ಬೆಳೆಗೆ ಬೀಳುವ ಹುಳುಗಳ ಸಂಶೋಧನಾ ಕೇಂದ್ರ. ಎರಡು ಸಾಲು ಕಟ್ಟಡ. ಮುಂದಿನ ಸಾಲಿನಲ್ಲಿ ಕಚೇರಿ, ಹಿಂದಿನ ಸಾಲಿನ ಕೊನೆಯಲ್ಲಿ ಮಿಡತೆ ಕೋಣೆ. ಆ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಗೆ ಒತ್ತಿಕೊಂಡು ಇಪ್ಪತ್ತನಾಲ್ಕು ಮರದ ಪಂಜರಗಳು. ಮುಂದೆ ಗಾಜು, ಪಕ್ಕಕ್ಕೆ ತಂತಿ ಬಲೆ, ಒಳಗೆ ಹಗಲೂ ಇರುಳೂ ಉರಿಯುವ ಒಂದೊಂದು ಬಲ್ಬು. ಬಾಗಿಲು ತೆಗೆದರೆ ಮುಗ್ಗಿದ ಹುಲ್ಲಿನ ವಾಸನೆ ಹೊತ್ತ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಸಾವಿರಾರು ಮಿಡತೆಗಳು ಒಟ್ಟಿಗೆ ಮೇಯುವ ಸದ್ದು, ಯಾರೋ ಒಂದೇ ಸಮನೆ ಕಾಗದ ಹರಿಯುತ್ತಿರುವ ಹಾಗೆ. ನಾನು ಅಲ್ಲಿ ಐದು ನಿಮಿಷ ನಿಲ್ಲುತ್ತಿರಲಿಲ್ಲ. ಅವಳು ಹತ್ತೊಂಬತ್ತು ವರ್ಷ ನಿಂತಳು.

ಎಲ್ಲರೂ ಅವಳನ್ನು ಪಂಜರದಕ್ಕ ಎನ್ನುತ್ತಿದ್ದರು. ನಾವು ಕಚೇರಿಗೆ ಬರುವುದಕ್ಕೆ ಎರಡು ಗಂಟೆ ಮುಂಚೆ ಅವಳ ಕೆಲಸ ಶುರುವಾಗಿರುತ್ತಿತ್ತು. ತಗಡಿನ ತಟ್ಟೆಗಳಲ್ಲಿ ಬೆಳೆಸಿದ ಎಳೆ ಗೋಧಿ ಸಸಿಯನ್ನು ಕತ್ತರಿಸಿ, ತೊಳೆದು, ನೀರು ಬಸಿದು, ಪಂಜರಕ್ಕೆ ಒಂದೊಂದು ಹಿಡಿ ಹಾಕಬೇಕು. ಹಿಂದಿನ ದಿನದ ಒಣ ಕಡ್ಡಿ, ಹಿಕ್ಕೆ, ಕಳಚಿದ ಪೊರೆ ಎಲ್ಲ ಗುಡಿಸಿ ತೆಗೆಯಬೇಕು. ಪಂಜರದ ತಳದಲ್ಲಿ ತೂತುಗಳಿದ್ದವು. ತೂತಿನ ಕೆಳಗೆ ಒದ್ದೆ ಮರಳು ತುಂಬಿದ ಗಾಜಿನ ಕೊಳವೆ. ಹೆಣ್ಣು ಮಿಡತೆ ಬಾಲವನ್ನು ಮರಳಿಗೆ ಇಳಿಸಿ ಮೊಟ್ಟೆಗಳ ಗೊಂಚಲಿಟ್ಟು, ಮೇಲೆ ನೊರೆಯಿಂದ ಬಿರಡೆ ಹಾಕಿದಂತೆ ಮುಚ್ಚುತ್ತಿತ್ತು. ಆ ಕೊಳವೆಗಳನ್ನು ಎತ್ತಿ, ತಾರೀಖು ಬರೆದು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಮರಿ ಹೊರಬರುವ ದಿನ ಕಾಯುವವಳೂ ಅವಳೇ.

ಸಾಕುವುದು ಕೊಲ್ಲುವುದಕ್ಕೆ. ಕೇಂದ್ರದ ಮುಖ್ಯಸ್ಥರು ತೌಡಿನಲ್ಲಿ ಬಗೆಬಗೆಯ ವಿಷ ಬೆರೆಸಿ ಕೊಡುತ್ತಿದ್ದರು. ಅವರನ್ನು ನಾವು ಡಾಕ್ಟರು ಎನ್ನುತ್ತಿದ್ದೆವು, ಹುಟ್ಟಿದಾಗಿನಿಂದ ಯಾರ ನಾಡಿಯನ್ನೂ ಹಿಡಿದವರಲ್ಲ. ಬೆಳಿಗ್ಗೆ ಯಾವ ಪಂಜರದಲ್ಲಿ ಎಷ್ಟು ಸತ್ತಿವೆ, ಎಷ್ಟು ಕಾಲು ಆಡಿಸುತ್ತಿವೆ ಎಂದು ಎಣಿಸಿ ಬರೆಯುವುದು ಪಂಜರದಕ್ಕನ ಪಾಲು. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಅಂಕಿಗಳು ಮಾತ್ರ ಮುತ್ತಿನ ಹಾಗೆ ದುಂಡಗೆ. ಡಾಕ್ಟರು ತಮಾಷೆ ಮಾಡುತ್ತಿದ್ದರು: “ಇವಳು ಮಿಡತೆಗಳಿಗೆ ಅತ್ತೆ ಕಣ್ರಿ. ತಿಂದಿದ್ದನ್ನೂ ಲೆಕ್ಕ ಇಡ್ತಾಳೆ, ಸತ್ತಿದ್ದನ್ನೂ ಲೆಕ್ಕ ಇಡ್ತಾಳೆ.”

ಅವಳ ಆ ಅಂಕಿಗಳು ಡಾಕ್ಟರ ಲೇಖನಗಳಲ್ಲಿ ಅಚ್ಚಾಗಿ ದೇಶದೇಶ ಸುತ್ತಿದವು. ಅವಳ ಹೆಸರು ಕೇಂದ್ರದ ಗೇಟು ದಾಟಲಿಲ್ಲ.

ಮದುವೆಯಾಗಿರಲಿಲ್ಲ. ಒಂದೆರಡು ಕಡೆಯವರು ಬಂದು, ಹುಡುಗಿಗೆ ಏನು ಕೆಲಸ ಎಂದು ಕೇಳಿ, ಉತ್ತರ ಕೇಳಿಸಿಕೊಂಡು ಎದ್ದು ಹೋದರಂತೆ. “ಮನೆಗೆ ಬರೋ ಸೊಸೆ ಜೊತೆ ಮಿಡತೇನೂ ಬರತ್ತೆ ಅಂದ್ಕೊಂಡ್ರೋ ಏನೋ” ಎಂದು ಅವಳೇ ನಗುತ್ತಿದ್ದಳು. ಇದ್ದ ಒಬ್ಬ ತಮ್ಮ ಅಪ್ಪನ ಹೊಲ ನೋಡಿಕೊಂಡಿದ್ದ. ಭಾನುವಾರ ಬೆಳಿಗ್ಗೆ ಪಂಜರಗಳಿಗೆ ಮೇವು ಹಾಕಿ, ಹನ್ನೆರಡು ಮೈಲಿ ಬಸ್ಸಿನಲ್ಲಿ ಹೋಗಿ, ಸಂಜೆಯವರೆಗೆ ಅವನ ಹೊಲದಲ್ಲಿ ಕಳೆ ಕಿತ್ತು ಬರುವುದು ಅವಳ ರಜೆ. ಆ ಹೊಲದ ಮಾತು ಬಂದರೆ ಅವಳ ದನಿಯೇ ಬೇರೆ. “ಈ ಸಲ ಜೋಳ ಎದ್ದಿರೋದು ನೋಡ್ಬೇಕು ತಂಗಿ, ಎದೆಮಟ್ಟ!” ಎನ್ನುವಳು, ತಾನೇ ಹೆತ್ತ ಹಾಗೆ.

ಹತ್ತನೇ ವರ್ಷದ ಹೊತ್ತಿಗೆ ಅವಳ ಮುಂಗೈ ತುಂಬ ಕೆಂಪು ಗಂಧೆ ಎದ್ದಿತು. ಆಮೇಲೆ ಮೂಗು ಸೋರತೊಡಗಿತು, ಕಣ್ಣು ಉರಿ. ಆಮೇಲೆ ಉಸಿರು. ಮಧ್ಯಾಹ್ನ ನನ್ನ ಪಕ್ಕ ಬುತ್ತಿ ಬಿಚ್ಚಿಕೊಂಡು ಕುಳಿತರೆ ಅವಳ ಎದೆಯೊಳಗಿನ ಸಿಳ್ಳೆ ನನಗೆ ಕೇಳಿಸುತ್ತಿತ್ತು. ಡಾಕ್ಟರಿಗೆ ಹೇಳಿದಳು. ಅವರು ಆ ಕೋಣೆಗೆ ಬಂದರೆ ಹೊಸ್ತಿಲಲ್ಲೇ, ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ನಿಲ್ಲುವವರು.

“ಪೊರೆಯ ಧೂಳು ಕೆಲವರಿಗೆ ಆಗಿಬರಲ್ಲಮ್ಮ. ಬಟ್ಟೆ ಕಟ್ಕೊಂಡು ಕೆಲಸ ಮಾಡು.”

ಬಟ್ಟೆ ಕಟ್ಟಿಕೊಂಡು ಇನ್ನೂ ಒಂಬತ್ತು ವರ್ಷ ಮಾಡಿದಳು.

ಆ ಹತ್ತೊಂಬತ್ತನೇ ವರ್ಷದ ಬೇಸಿಗೆಯ ಕೊನೆಯಲ್ಲಿ ಒಂದು ಭಾನುವಾರ, ತಮ್ಮನ ಹೊಲದ ಬದುವಿನ ಮೇಲೆ ನಡೆಯುತ್ತಿದ್ದಾಗ ಕಾಲಿಗೆ ಮುಳ್ಳು ಚುಚ್ಚಿತು. ಕುಳಿತು ಮುಳ್ಳು ತೆಗೆಯುವಾಗ ಗಟ್ಟಿ ಮಣ್ಣಿನಲ್ಲಿ ಒಣಗಿದ ನೊರೆಯ ಸಣ್ಣ ಬಿರಡೆ ಕಾಣಿಸಿತು. ಬೇರೆ ಯಾರ ಕಣ್ಣಿಗೂ ಅದು ಮಣ್ಣೇ. ಅವಳು ಕಡ್ಡಿಯಿಂದ ಕೆದಕಿದಳು. ಕೆಳಗೆ ಮೊಟ್ಟೆಯ ಗೊಂಚಲು. ಗೇಣು ಬಿಟ್ಟು ಕೆದಕಿದಳು. ಮತ್ತೊಂದು. ಒಂದು ಮೊಳ ಉದ್ದ, ಒಂದು ಮೊಳ ಅಗಲದ ಜಾಗದಲ್ಲಿ ಹದಿನಾಲ್ಕು ಸಿಕ್ಕವು. ಇದನ್ನೆಲ್ಲ ನನಗೆ ಮಾರನೆಯ ದಿನ ಹೇಳಿದಳು.

ಓಡಿಹೋಗಿ ತಮ್ಮನನ್ನು ಕರೆದಳಂತೆ.

“ಲೋ, ಬದು ತುಂಬ ಮಿಡತೆ ಮೊಟ್ಟೆ ಕಣೋ. ಮಳೆ ಬೀಳೋದ್ರೊಳಗೆ ಒಂದು ಸಲ ನೇಗಿಲು ಹಾಕಿ ಮಗುಚಿಬಿಡು. ಬಿಸಿಲಿಗೆ ಬಿದ್ರೆ ಒಣಗಿಹೋಗ್ತವೆ. ಉಳಿದಿದ್ದನ್ನ ಹಕ್ಕಿ ತಿನ್ಕೊಳ್ತವೆ.”

“ಬದು ಉಳೋದಾ? ಪಕ್ಕದೋನು ಗಡಿ ಒತ್ತಿದ ಅಂತ ದೊಣ್ಣೆ ಹಿಡ್ಕೊಂಡು ಬರ್ತಾನೆ. ನಿಂಗೂ ಎಲ್ಲಿ ನೋಡಿದ್ರೂ ಮಿಡತೇನೇ ಕಾಣತ್ತಲ್ಲ ಅಕ್ಕಾ.”

“ಅವನಿಗೂ ನಾನೇ ಹೇಳ್ತೀನಿ. ಇಬ್ರೂ ಸೇರಿ ಮಗುಚಿ.”

“ಸುಮ್ನಿರು. ನಮ್ಮಪ್ಪನ ಕಾಲದಿಂದ ಈ ಬದು ಯಾರೂ ಮುಟ್ಟಿಲ್ಲ.”

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳಂತೆ: “ಅದಕ್ಕೇ ನಾನು ಹೇಳೋದು, ಬಟ್ಟೆ ಕೊಡವಿಕೊಂಡು ಒಳಗೆ ಬನ್ನಿ ಅಂತ.”

ಸೋಮವಾರ ಅವಳು ಒಂದು ಬೆಂಕಿಪೊಟ್ಟಣದಲ್ಲಿ ಆ ಗೊಂಚಲುಗಳನ್ನು ತಂದಿದ್ದಳು. ನನ್ನ ಮೇಜಿನ ಮುಂದೆ ನಿಂತು, “ತಂಗಿ, ಇದನ್ನ ಸರಿಯಾದ ಭಾಷೇಲಿ ಟೈಪ್ ಮಾಡಿಕೊಡು” ಎಂದಳು. ಯಾವ ಜಾಗ, ಎಷ್ಟು ಮೊಟ್ಟೆ, ಮಳೆ ಬಿದ್ದ ಮೇಲೆ ಎಷ್ಟು ದಿನಕ್ಕೆ ಒಡೆಯುತ್ತವೆ, ಏನು ಮಾಡಬೇಕು ಎಂದು ಒಂದು ಪುಟ. ನಾನು ಟೈಪ್ ಮಾಡಿ, ಬಂದ ಕಾಗದಗಳ ಪುಸ್ತಕದಲ್ಲಿ ನಮೂದಿಸಿ, ಡಾಕ್ಟರ ಮುಂದಿಟ್ಟೆ. ಅವಳೂ ಹಿಂದೆಯೇ ಬಂದು ನಿಂತಳು.

ಡಾಕ್ಟರು ಹೊರದೇಶದ ಸಮ್ಮೇಳನಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದರು. ಓದಿದರು. ಬೆಂಕಿಪೊಟ್ಟಣವನ್ನು ಪೆನ್ನಿನ ತುದಿಯಿಂದ ಪಕ್ಕಕ್ಕೆ ತಳ್ಳಿದರು.

“ಇದು ಹೊಲದ ಗಿಡ್ಡ ಮಿಡತೆ. ನಮ್ಮ ಕೇಂದ್ರ ಇರೋದು ಹಿಂಡು ಕಟ್ಟಿಕೊಂಡು ಹಾರೋ ವಲಸೆ ಮಿಡತೆಗೆ. ಇದು ನಮ್ಮ ವ್ಯಾಪ್ತಿಗೆ ಬರಲ್ಲ.”

“ತಿನ್ನೋ ಹೊಲ ಒಂದೇ ಅಲ್ವಾ ಸಾರ್?”

“ನಾನು ವಾಪಸ್ ಬಂದಮೇಲೆ ನೋಡೋಣ.”

ಕಾಗದದ ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕಿದರು. ನಾನು ಅದನ್ನು ಕಡತಕ್ಕೆ ಸೇರಿಸಿದೆ.

ಮೊದಲ ಮಳೆ ಬಿದ್ದ ಮೂರನೇ ವಾರಕ್ಕೆ ಬದುಗಳು ಜೀವ ಬಂದಂತೆ ಮಿಸುಕಾಡತೊಡಗಿದವು. ಮೊದಮೊದಲು ಎಳ್ಳುಕಾಳಿನಷ್ಟು ಮರಿಗಳು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬದುವಿನ ಹುಲ್ಲು ಮುಗಿದ ಮೇಲೆ ಅವು ಜೋಳಕ್ಕೆ ಇಳಿದವು. ಪಂಜರದಕ್ಕ ಎರಡು ಭಾನುವಾರ ಹೋಗಿ ಬೂದಿ ಎರಚಿದಳು, ಕಾಲುವೆ ತೋಡಿದಳು, ಮರಿಗಳನ್ನು ಅದರೊಳಕ್ಕೆ ಗುಡಿಸಿ ಮಣ್ಣು ಮುಚ್ಚಿದಳು. ಒಬ್ಬಳ ಕೈಯಲ್ಲಿ ಏನಾದೀತು? ಮೂರನೆಯ ಭಾನುವಾರ ಹೋಗುವಷ್ಟರಲ್ಲಿ ಮಂಡಿಯೆತ್ತರದ ಪೈರಿನಲ್ಲಿ ಎಲೆಯ ನಡುನರ ಮಾತ್ರ ಉಳಿದಿತ್ತು, ಹಸಿರು ಕಡ್ಡಿಗಳನ್ನು ಸಾಲಾಗಿ ನೆಟ್ಟ ಹಾಗೆ. ತಮ್ಮನ ಹೊಲದಿಂದ ಪಕ್ಕದ ಹೊಲ, ಅಲ್ಲಿಂದ ಅದರ ಪಕ್ಕದ್ದು. ಒಂದು ತಿಂಗಳಲ್ಲಿ ಊರಿನ ಅರ್ಧ ಪೈರು ಹೋಯಿತು.

ಊರವರು ತಮ್ಮನ ಮೇಲೆ ತಿರುಗಿಬಿದ್ದರು. ಹುಳು ಎದ್ದಿದ್ದೇ ನಿನ್ನ ಬದುವಿನಿಂದ, ನಿಮ್ಮಕ್ಕ ಬಾಯಿ ಬಡಿದುಕೊಂಡದ್ದನ್ನು ನಾವೇ ಕೇಳಿದ್ದೇವೆ, ಯಾಕೆ ಮಗುಚಲಿಲ್ಲ ಎಂದರು. ಅವನಿಗೆ ಎಲ್ಲಾದರೂ ತಪ್ಪಿಸಿಕೊಳ್ಳಬೇಕಾಗಿತ್ತು. ತಪ್ಪಿಸಿಕೊಳ್ಳಲು ಅಕ್ಕನೇ ಸಿಕ್ಕಳು. ಕೇಂದ್ರದ ಮಿಡತೆ ಎಂದಾದರೆ ಪರಿಹಾರವಾದರೂ ಸಿಕ್ಕೀತೆಂದು ಊರವರೂ ಅವನ ಮಾತನ್ನೇ ಹಿಡಿದರು.

ಒಂದು ಬೆಳಿಗ್ಗೆ ಕೇಂದ್ರದ ಗೇಟಿನ ಮುಂದೆ ಎಪ್ಪತ್ತು ಎಂಬತ್ತು ಜನ. ಕೈಯಲ್ಲಿ ಬೋಳು ಜೋಳದ ಕಡ್ಡಿಗಳು. ಮುಂದೆ ನಿಂತು ಕೂಗುತ್ತಿದ್ದವನೇ ತಮ್ಮ.

“ನಮ್ಮಕ್ಕಾನೇ ಇಲ್ಲಿ ಮಿಡತೆ ಸಾಕೋಳು! ವಾರ ವಾರ ನನ್ನ ಹೊಲಕ್ಕೆ ಬರ್ತಿದ್ಲು. ಬಟ್ಟೇಲಿ ಅಂಟಿಕೊಂಡು ಬಂದಿದೆ. ಪಂಜರದ ಬಾಗಿಲು ಸರಿಯಾಗಿ ಹಾಕ್ಕೊಳ್ಳಲ್ಲ ಅಂತ ಅವಳೇ ನನ್ನತ್ರ ಹೇಳಿದಾಳೆ!”

ಸದ್ದಿಗೆ ಅವಳು ಹಿಂದಿನ ಸಾಲಿನಿಂದ ಓಡಿಬಂದಿದ್ದಳು. ಮೂಗಿಗೆ ಕಟ್ಟಿದ ಬಟ್ಟೆ ಹಾಗೇ ಇತ್ತು. ಕೈಯಲ್ಲಿ ಸಸಿ ಕತ್ತರಿಸುವ ಕತ್ತರಿ. ಬಟ್ಟೆಯನ್ನು ಕೆಳಗೆಳೆದಳು.

“ಲೋ, ಯಾವತ್ತು ಹೇಳಿದ್ನೋ?”

ಅವನು ನೆಲ ನೋಡಿದ.

“ಮುಖ ನೋಡಿ ಹೇಳೋ. ಬದು ಮಗುಚು ಅಂತ ಹೇಳಿದ್ನೋ, ಬಾಗಿಲು ಹಾಕ್ಲಿಲ್ಲ ಅಂತ ಹೇಳಿದ್ನೋ?”

ಗುಂಪಿನಲ್ಲಿ ಯಾರೋ, “ಕತ್ತರಿ ಹಿಡ್ಕೊಂಡು ತಮ್ಮನ ಮೇಲೆ ಬರ್ತಾಳೆ ನೋಡು!” ಎಂದು ಕೂಗಿದರು. ಒಂದು ಕಲ್ಲು ಬಂದು ಕಚೇರಿಯ ಗಾಜು ಒಡೆಯಿತು. ಅಷ್ಟರಲ್ಲಿ ಸಮ್ಮೇಳನದಿಂದ ಮರಳಿದ್ದ ಡಾಕ್ಟರು ಮಹಡಿಯಿಂದ ಕೈಮುಗಿದು, ವಿಚಾರಣೆ ಮಾಡಿಸುತ್ತೇವೆ, ತಪ್ಪಿತಸ್ಥರು ಯಾರೇ ಆಗಲಿ ಬಿಡುವುದಿಲ್ಲ ಎಂದರು. ಜನ ಚದುರಿದರು.

ಹೊಲದ ಮಿಡತೆಗೂ ಪಂಜರದ ಮಿಡತೆಗೂ ಸಂಬಂಧವಿಲ್ಲ ಎಂದು ಡಾಕ್ಟರು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ಮಾತಿನ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತಿತ್ತು: ಹಾಗಾದರೆ ಎಲ್ಲಿಂದ ಬಂತು, ನಿಮಗೆ ಮೊದಲೇ ಗೊತ್ತಿರಲಿಲ್ಲವೇ? ‘ನೋಡಿದೆ’ ಎಂದು ಅವರದೇ ಸಹಿ ಇದ್ದ ಕಾಗದ ನನ್ನ ಬೀರುವಿನಲ್ಲಿತ್ತು.

ವಿಚಾರಣೆಯ ಹಿಂದಿನ ದಿನ ನನ್ನನ್ನು ಕರೆದರು.

“ಆ ಬೇಸಿಗೇಲಿ ಏನೋ ಒಂದು ಕಾಗದ ಬಂದಿತ್ತಲ್ಲಮ್ಮ.”

“ಹೌದು ಸಾರ್. ಅಕ್ಕನದು.”

“ಅದು ಕಡತದಲ್ಲಿ ಇರೋದು ಬೇಡ. ಪುಸ್ತಕದಲ್ಲೂ ಬೇಡ. ನಿನ್ನ ಕೆಲಸ ಖಾಯಂ ಮಾಡೋ ಪತ್ರ ಈ ವಾರ ಕಳಿಸಬೇಕು ಅಂದ್ಕೊಂಡಿದ್ದೀನಿ.”

ಎರಡು ವಾಕ್ಯದ ನಡುವೆ ಅವರು ಉಸಿರು ಕೂಡ ತೆಗೆದುಕೊಳ್ಳಲಿಲ್ಲ. ನಾನು ಬೀರು ತೆಗೆದು ಆ ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದೆ. ಪುಸ್ತಕದ ಆ ಸಾಲಿನ ಮೇಲೆ ಶಾಯಿ ಚೆಲ್ಲಿದಂತೆ ಮಾಡಿದೆ. ಆಮೇಲೆ ವಿಚಾರಣೆಗೆ ಕೊಡುವ ಹೇಳಿಕೆಯನ್ನು ಅವರು ಹೇಳಿದಂತೆ ಟೈಪ್ ಮಾಡಿದೆ: ‘ಪಂಜರಗಳ ಪೂರ್ಣ ಉಸ್ತುವಾರಿ ಹೊತ್ತಿದ್ದ ಸಿಬ್ಬಂದಿಯ ಅಜಾಗರೂಕತೆಯನ್ನು ತಳ್ಳಿಹಾಕುವಂತಿಲ್ಲ.’ ಒಂದು ಅಕ್ಷರವೂ ತಪ್ಪಿರಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಬಿಸಿಲಲ್ಲಿ ಬಂದು ಸುಸ್ತಾಗಿದ್ದರು. ಪಂಜರದಕ್ಕ ಎರಡು ಗಾಜಿನ ಸೀಸೆ ತಂದು ಮೇಜಿನ ಮೇಲಿಟ್ಟಳು.

“ಸಾರ್, ಇದು ನಮ್ಮ ಪಂಜರದ್ದು. ರೆಕ್ಕೆ ನೋಡಿ, ಬಾಲ ದಾಟಿ ಹೋಗಿದೆ. ಇದು ಹೊಲದ್ದು. ರೆಕ್ಕೆ ಅರ್ಧ ಬೆನ್ನಿಗೂ ಬರಲ್ಲ. ಇದಕ್ಕೆ ಹಾರೋಕೇ ಬರಲ್ಲ ಸಾರ್. ಇಲ್ಲಿಂದ ಹನ್ನೆರಡು ಮೈಲಿ ಕುಪ್ಪಳಿಸಿಕೊಂಡು ಹೋಯ್ತಾ? ಮರಿ ಆಗಿರೋದ್ರಿಂದ ರೆಕ್ಕೆ ಗಿಡ್ಡ ಅನ್ಬೇಡಿ, ಪೂರ್ತಿ ಬೆಳೆದ ಮಿಡತೇನೇ ಹಿಡ್ಕೊಂಡು ಬಂದಿದೀನಿ.”

ಅವಳು ಮುಚ್ಚಳ ತಿರುಗಿಸಲು ಹೋದಳು. ಅಧಿಕಾರಿ ಕುರ್ಚಿ ಸಮೇತ ಹಿಂದಕ್ಕೆ ಸರಿದರು.

“ಮುಚ್ಚಮ್ಮ, ಮುಚ್ಚು! ಮೈಮೇಲೆ ಹಾರೀತು!”

“ಅದು ಹಾರಲ್ಲ ಅಂತಾನೇ ಹೇಳ್ತಿರೋದು ಸಾರ್.”

ಯಾರೋ ಕಿಸಕ್ಕೆಂದರು. ಅಧಿಕಾರಿ ಡಾಕ್ಟರ ಕಡೆ ನೋಡಿದರು. ಡಾಕ್ಟರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು.

“ಬರಿಗಣ್ಣಲ್ಲಿ ನೋಡಿ ಖಚಿತವಾಗಿ ಹೇಳೋದು ಕಷ್ಟ. ಸೂಕ್ಷ್ಮ ಪರೀಕ್ಷೆ ಆಗಬೇಕು.”

ಹತ್ತೊಂಬತ್ತು ವರ್ಷ ಬರಿಗಣ್ಣಲ್ಲೇ ನೋಡಿ ಅವರಿಗೆ ಅಂಕಿ ಕೊಟ್ಟವಳು ಅವರ ಮುಖವನ್ನೇ ನೋಡುತ್ತಾ ನಿಂತಳು. ಅವಳ ಎದೆಯ ಸಿಳ್ಳೆ ಇಡೀ ಕೋಣೆಗೆ ಕೇಳಿಸುತ್ತಿತ್ತು. ಆಮೇಲೆ ನನ್ನ ಕಡೆ ಕೈತೋರಿಸಿದಳು.

“ಮಳೆಗೆ ಮೊದ್ಲೇ ನಾನು ಬರೆದುಕೊಟ್ಟಿದ್ದೆ. ಟೈಪ್ ಮಾಡಿದ್ದು ಇವಳೇ. ಕೇಳಿ ಸಾರ್.”

ಅಧಿಕಾರಿ ನನ್ನನ್ನು ಕೇಳಿದರು, “ಏನಮ್ಮ, ಅಂಥ ಕಾಗದ ಇತ್ತಾ?”

ನಾನು ಹೇಳಿದೆ, “ನೆನಪಿಲ್ಲ ಸಾರ್.”

ಅವಳು ಎರಡೂ ಸೀಸೆ ಎತ್ತಿಕೊಂಡು ಹೊರಗೆ ಹೋದಳು.

ವಾರದಲ್ಲಿ ಅವಳನ್ನು ತೆಗೆಯುವ ಆದೇಶವನ್ನು, ‘ಪೂರ್ಣ ಉಸ್ತುವಾರಿ’ಯ ಅದೇ ವಾಕ್ಯ ಸೇರಿಸಿ, ನಾನು ಟೈಪ್ ಮಾಡಿದೆ. ಅವಳು ಕೋಣೆಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಆ ಸಂಜೆಯೇ ತಮ್ಮನ ಮನೆಗೆ ಹೋಗಿದ್ದಳಂತೆ, ಜಗಳಕ್ಕಲ್ಲ, ಅಲ್ಲಿದ್ದ ಅವಳ ಒಂದು ಟ್ರಂಕಿಗೆ. ತಮ್ಮನ ಹೆಂಡತಿ ಟ್ರಂಕನ್ನು ಅಂಗಳಕ್ಕೆ ತಂದಿಟ್ಟು ಬಾಗಿಲು ಹಾಕಿಕೊಂಡಳಂತೆ. ತಮ್ಮ ಒಳಗೇ ಇದ್ದ; ಅವನ ಚಪ್ಪಲಿ ಹೊರಗಿತ್ತು. ಅದಾದ ಮೇಲೆ ಅವಳು ಆ ದಾರಿ ತುಳಿಯಲಿಲ್ಲ, ಅವನೂ ಕರೆಯಲಿಲ್ಲ.

ಪಂಜರಗಳಿಗೆ ಹೊಸಬನೊಬ್ಬ ಬಂದ. ಸಸಿಯನ್ನು ನೀರು ಬಸಿಯದೆ ಹಾಕಿದ. ಬೂಸಲು ಹಿಡಿದು ಎರಡು ವಾರದಲ್ಲಿ ಮುಕ್ಕಾಲು ಮಿಡತೆ ಸತ್ತವು. ಹೊಸ ವಿಷ ಅದ್ಭುತವಾಗಿ ಕೆಲಸ ಮಾಡಿದೆ ಎಂದು ಡಾಕ್ಟರು ಆ ತಿಂಗಳ ಅಂಕಿಯನ್ನೂ ಲೇಖನಕ್ಕೆ ಸೇರಿಸಿದರು. ನನ್ನ ಕೆಲಸ ಖಾಯಮಾಯಿತು.

ಮುಂದಿನ ಬೇಸಿಗೆಗೆ ಡಾಕ್ಟರು ರೈತರಿಗಾಗಿ ಒಂದು ಕರಪತ್ರ ಹೊರಡಿಸಿದರು: ಬದು ಮಗುಚಿ ಮೊಟ್ಟೆಗಳನ್ನು ಬಿಸಿಲಿಗೆ ಒಡ್ಡಿರಿ, ಅಕ್ಕಪಕ್ಕದವರು ಒಟ್ಟಾಗಿ ಮಾಡಿರಿ. ಅವಳ ಆ ಒಂದು ಪುಟದ ಮಾತೇ. ಕೆಳಗೆ ಡಾಕ್ಟರ ಹೆಸರು. ಅದನ್ನೂ ಟೈಪ್ ಮಾಡಿದ್ದು ನಾನೇ. ಹಳ್ಳಿಹಳ್ಳಿಗೆ ಹಂಚಿದರು. ತಮ್ಮನೂ ಪಕ್ಕದವನೂ ಸೇರಿ ಬದು ಮಗುಚಿದರಂತೆ. ಗಡಿಯ ಜಗಳವೇನೂ ಆಗಲಿಲ್ಲ. ಆ ವರ್ಷ ಮಿಡತೆ ಬರಲಿಲ್ಲ. ಡಾಕ್ಟರಿಗೆ ಸನ್ಮಾನವಾಯಿತು, ಊರಿನ ಪರವಾಗಿ ಹಾರ ಹಾಕಿದವರಲ್ಲಿ ತಮ್ಮನೂ ಒಬ್ಬ.

ಅವಳು ಪೇಟೆಯ ಹಿಂದಿನ ಬೀದಿಯಲ್ಲಿ ಚೀಲ ಹೊಲಿಯುವ ಅಂಗಡಿ ಸೇರಿದ್ದಳು. ಅಲ್ಲೂ ಧೂಳೇ, ಸೆಣಬಿನ ನಾರಿನದು. ಆರು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಕೇಂದ್ರಕ್ಕೆ ಬಂದಳು. ಅಷ್ಟರಲ್ಲಿ ಡಾಕ್ಟರು ನಿವೃತ್ತರಾಗಿದ್ದರು, ನಾನು ಹೆಡ್ ಕ್ಲರ್ಕ್ ಆಗಿದ್ದೆ. ಮೆಟ್ಟಿಲು ಹತ್ತಿ ಬಂದವಳಿಗೆ ಮಾತಾಡಲು ಎರಡು ನಿಮಿಷ ಬೇಕಾಯಿತು. ಹೆಗಲ ಮೂಳೆ ಎದ್ದು ಕಾಣುತ್ತಿತ್ತು.

“ಆಸ್ಪತ್ರೇಲಿ ಕೇಳ್ತಿದಾರೆ. ಹುಳುಗಳ ಧೂಳಿನಿಂದ ಬಂದ ಕಾಯಿಲೆ ಅಂತೆ. ಮಿಡತೆ ಕೋಣೇಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದಾಳೆ ಅಂತ ಇಲ್ಲಿಂದ ಒಂದು ಪತ್ರ ತಂದ್ರೆ ಔಷಧಿ ಪುಕ್ಕಟೆ ಕೊಡ್ತಾರಂತೆ.”

ನಾನು ಹಳೆಯ ಸಿಬ್ಬಂದಿ ಪುಸ್ತಕ ತೆಗೆದೆ. ಅವಳ ಹೆಸರಿನ ಮುಂದೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಮಾತು ಇತ್ತು: ದಿನಗೂಲಿ, ಸ್ವಚ್ಛತೆ. ಹೊಸ ಮುಖ್ಯಸ್ಥರ ಬಳಿ ಹೋಗಿ ಕೇಳಿದೆ. ಪುಸ್ತಕದಲ್ಲಿ ಇದ್ದಷ್ಟೇ ಬರೆಯಿರಿ, ನಾಳೆ ನನ್ನ ತಲೆಗೆ ಬರುವುದು ಬೇಡ ಎಂದರು. ನಾನು ವಾಪಸ್ ಬಂದು ಪುಸ್ತಕವನ್ನು ಅವಳ ಕಡೆ ತಿರುಗಿಸಿ ತೋರಿಸಿದೆ. ಬೆರಳಿಟ್ಟು ಓದಿಕೊಂಡಳು.

“ಕಸ ಗುಡಿಸೋಳು.”

“ಪುಸ್ತಕದಲ್ಲಿ ಹಾಗಿದೆ ಅಕ್ಕಾ.”

“ಕೆಲಸದಿಂದ ತೆಗೆಯುವಾಗ ಪಂಜರದ ಪೂರ್ಣ ಉಸ್ತುವಾರಿ ಅಂತ ಬರೆದಿದ್ರಿ. ನನ್ನ ಟ್ರಂಕಲ್ಲಿದೆ ಆ ಕಾಗದ. ಕಸ ಗುಡಿಸೋಳಾದ್ರೆ ಮಿಡತೆ ಬಿಟ್ಟಿದ್ದು ಯಾರು?”

ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಉಬ್ಬಸವಾಯಿತು. ನೀರು ಕೊಟ್ಟೆ, ಮುಟ್ಟಲಿಲ್ಲ. ಆ ಆದೇಶವನ್ನೇ ಆಸ್ಪತ್ರೆಗೆ ತೋರಿಸು ಎಂದೆ. ತೋರಿಸಿದ್ದಾಳಂತೆ, ಅದು ತಪ್ಪಿಗೆ ತೆಗೆದ ಕಾಗದ, ಪ್ರಮಾಣಪತ್ರವಲ್ಲ ಎಂದರಂತೆ.

ಆರು ವರ್ಷದಿಂದ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಆಗ ಹೇಳಿದೆ.

“ಅಕ್ಕಾ, ಅವತ್ತು ನಾನು ಸುಳ್ಳು ಹೇಳಿದೆ. ಕಾಗದ ಹರಿದಿದ್ದೂ ನಾನೇ. ನನ್ನ ತಪ್ಪು…”

ಅವಳು ಕೈ ಎತ್ತಿ ತಡೆದಳು.

“ಗೊತ್ತು. ನಿನ್ನ ತಪ್ಪು ನಿನ್ನ ಹತ್ರಾನೇ ಇರ್ಲಿ ತಾಯಿ. ಅದನ್ನೂ ಹೊರೋಕೆ ನನಗೆ ಉಸಿರಿಲ್ಲ.”

ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಹೋದಳು. ನಾನು ಹಿಂದೆ ಓಡಲಿಲ್ಲ. ಪುಸ್ತಕದಲ್ಲಿ ಒಂದು ಪದ ತಿದ್ದಿ, ಪತ್ರ ಬರೆದು, ಮುಖ್ಯಸ್ಥರ ಕಾಗದಗಳ ಕಟ್ಟಿನ ನಡುವೆ ಸೇರಿಸಿದ್ದರೆ ಅವರು ಓದದೆ ಸಹಿ ಹಾಕುತ್ತಿದ್ದರು. ಪುಸ್ತಕದ ಸಾಲಿನ ಮೇಲೆ ಶಾಯಿ ಚೆಲ್ಲಲು ಬಂದಿದ್ದ ಧೈರ್ಯ ಅವತ್ತು ಬರಲಿಲ್ಲ. ನಿವೃತ್ತಿಗೆ ಇನ್ನು ಮೂರೇ ವರ್ಷ ಉಳಿದಿತ್ತು.

ಹೋದ ತಿಂಗಳು ಮಂಡಿನೋವಿಗೆಂದು ನಾನೂ ಆ ಆಸ್ಪತ್ರೆಗೆ ಹೋಗಿದ್ದೆ. ಚೀಟಿ ಮಾಡಿಸುವ ಸಾಲಿನಲ್ಲಿ ನನಗಿಂತ ನಾಲ್ಕು ಜನ ಮುಂದೆ ಅವಳಿದ್ದಳು, ಗೋಡೆಗೆ ಕೈ ಊರಿಕೊಂಡು. ತಿರುಗಿ ನೋಡಿದಳು. ಮುಖ ತಿರುಗಿಸಲಿಲ್ಲ, ಮಾತೂ ಆಡಿಸಲಿಲ್ಲ. ಸಾಲಿನಲ್ಲಿದ್ದ ಬೇರೆಯವರನ್ನು ನೋಡಿದ ಹಾಗೆಯೇ ನನ್ನನ್ನೂ ನೋಡಿದಳು. ಅವಳ ಸರದಿ ಬಂತು, ಚೀಟಿ ತೆಗೆದುಕೊಂಡು ಒಳಗೆ ಹೋದಳು.